ಬೋನಿಗೆ ಬಿದ್ದ ಮುಂಗುಸಿ: ಕೋಳಿ ಸಾಕುವವರ ಪಾಪಪ್ರಜ್ಞೆ ಕುರಿತ ಒಂದು ಪ್ರಕರಣ ಅಧ್ಯಯನ

ಹಲವು ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಇಲ್ಲಿ ಒಂದೇ ಮನೆಯ ಪ್ರಕರಣವಾಗಿ ಜೋಡಿಸಿದ್ದೇವೆ. ಯಾರ ಗುರುತೂ ಇದರಲ್ಲಿಲ್ಲ.

ಹಿತ್ತಲಲ್ಲಿ ಹತ್ತು ಹೇಂಟೆ, ಒಂದು ಹುಂಜ. ಮರದ ಚೌಕಟ್ಟಿನ ಗೂಡು, ಸುತ್ತ ಷಟ್ಕೋನ ಕಣ್ಣಿನ ತೆಳು ಕೋಳಿ ಜಾಲರಿ, ಅದನ್ನು ಹಿಡಿದಿದ್ದದ್ದು ಸ್ಟೇಪಲ್ ಪಿನ್ನು. ಮಾಡಿನ ಕೆಳಗೆ ಗಾಳಿಗೆಂದು ಬಿಟ್ಟ ನಾಲ್ಕು ಬೆರಳಗಲದ ಸಂದು. ಸಾಕುತ್ತಿದ್ದವರು ಮನೆಯ ಹೆಂಗಸು. ಕತ್ತಲಾಗುವ ಹೊತ್ತಿಗೆ ಕೋಳಿ ಎಣಿಸಿ ಚಿಲಕ ಹಾಕುವುದು ಅವರ ದಿನದ ಕೊನೆಯ ಕೆಲಸ. ಆ ದಿನವೂ ಹಾಕಿದ್ದರು. ಬೆಳಿಗ್ಗೆ ನೋಡಿದರೆ ನಾಲ್ಕು ಹೇಂಟೆ ಒಳಗೇ ಸತ್ತು ಬಿದ್ದಿದ್ದವು, ಒಂದು ಕಾಣೆಯಾಗಿತ್ತು, ಇನ್ನೊಂದರ ಕತ್ತಿನ ಚರ್ಮ ಹರಿದಿತ್ತು. ಸತ್ತವುಗಳಿಗೆ ಕುತ್ತಿಗೆಯ ಹತ್ತಿರ ಹಲ್ಲಿನ ಗುರುತು ಬಿಟ್ಟರೆ ಮೈಯಲ್ಲಿ ಏನೂ ತಿಂದಿರಲಿಲ್ಲ.

ಅಂದೇ ಕೇಳಿ ತಂದ ತಂತಿ ಬೋನಿಗೆ ಮೊಟ್ಟೆ ಇಟ್ಟು ಗೂಡಿನ ಪಕ್ಕ ಇಟ್ಟರು. ಮೂರನೆಯ ದಿನ ನಡು ಮಧ್ಯಾಹ್ನ ಮುಂಗುಸಿ ಬಿತ್ತು. ‘ನೀರಲ್ಲಿ ಅದ್ದಿಬಿಡಿ, ಅರ್ಧ ನಿಮಿಷದ ಕೆಲಸ, ನೋವೂ ಆಗಲ್ಲ’ ಎಂದು ತಿಳಿದವರೊಬ್ಬರು ಹೇಳಿದ್ದರು. ಬೋನನ್ನು ಹಾಗೇ ಎತ್ತಿ ನೀರಿನ ಡ್ರಮ್ಮಿಗೆ ಇಳಿಸಿದರು. ಅರ್ಧ ನಿಮಿಷದಲ್ಲಿ ಮುಗಿಯಲಿಲ್ಲ. ಮುಖ ತಿರುಗಿಸಿಕೊಂಡು ನಿಂತಿದ್ದರು, ಆದರೆ ಬೋನಿನ ತಂತಿ ಡ್ರಮ್ಮಿನ ಒಳಮೈಗೆ ಬಡಿಯುತ್ತಿದ್ದ ಸದ್ದು ಕೇಳುತ್ತಲೇ ಇತ್ತು. ಎಂಟು ವರ್ಷದ ಮಗಳಿಗೆ, ಮುಂಗುಸಿಯನ್ನು ಕಾಡಿಗೆ ಬಿಟ್ಟು ಬಂದೆ ಎಂದರು.

ಆ ರಾತ್ರಿ ನಿದ್ದೆ ಚೆನ್ನಾಗಿಯೇ ಬಂತು. ಇದನ್ನು ಗಮನಿಸಬೇಕು, ಏಕೆಂದರೆ ‘ಅವತ್ತು ಹಾಯಾಗಿ ಮಲಗಿದ್ದೆನಲ್ಲ’ ಎನ್ನುವುದೇ ಆಮೇಲೆ ಅವರ ತಪ್ಪುಗಳ ಪಟ್ಟಿಯಲ್ಲಿ ಸೇರಿಕೊಂಡಿತು. ಅಪಾಯ ತಪ್ಪಿದಾಗ ಮೈ ಸಡಿಲಾಗುತ್ತದೆ, ಮನಸ್ಸಿಗೆ ಲೆಕ್ಕ ತಡವಾಗಿ ತಲುಪುತ್ತದೆ. ಅದು ಕ್ರೌರ್ಯದ ಲಕ್ಷಣವೇನಲ್ಲ.

ಎರಡು ದಿನ ಕಳೆದ ಮೇಲೆ ಶುರುವಾಯಿತು. ನಲ್ಲಿಯಿಂದ ನೀರು ತುಂಬುವ ಸದ್ದಿಗೆ ಎದೆ ಹೊಡೆದುಕೊಳ್ಳುವುದು, ಡ್ರಮ್ಮಿನ ಕಡೆ ಹೋಗದಿರುವುದು, ಮೊಟ್ಟೆ ಕಂಡರೆ ಆಗದಿರುವುದು. ಗೂಡು ಮುಚ್ಚುವ ಕೆಲಸ ಗಂಡನ ಪಾಲಿಗೆ ಬಂತು. ಅದು ಮರಿ ಹಾಕಿದ ತಾಯಿಯಾಗಿದ್ದರೆ ಎಂಬ ಪ್ರಶ್ನೆ ದಿನಕ್ಕೆ ಹತ್ತು ಸಲ. ನಡುನಡುವೆ ಇದರ ಉಲ್ಟಾ: ‘ತಿನ್ನೋಕೂ ಅಲ್ಲ, ಸುಮ್ಮನೆ ನಾಲ್ಕು ಕೊಂದಿತಲ್ಲ, ಸಾಯಲಿ’ ಎಂಬ ಸಿಟ್ಟು. ಪಶ್ಚಾತ್ತಾಪವೂ ದ್ವೇಷವೂ ಹೀಗೆ ಸರದಿಯ ಮೇಲೆ ಬರುವುದು ಇಂಥ ಪ್ರಕರಣಗಳಲ್ಲಿ ಮಾಮೂಲು. ಪ್ರಾಣಿಯನ್ನು ಖಳನನ್ನಾಗಿ ಮಾಡಿದಷ್ಟು ಹೊತ್ತು ನೋವು ತಗ್ಗಿರುತ್ತದೆ, ಆಮೇಲೆ ಎರಡರಷ್ಟಾಗಿ ಮರಳುತ್ತದೆ.

ಹನ್ನೆರಡನೆಯ ರಾತ್ರಿ ಇನ್ನೊಂದು ಹೇಂಟೆ ಹೋಯಿತು. ಮಾಡಿನ ಅದೇ ಸಂದಿನಲ್ಲಿ ಪುಕ್ಕ ಸಿಕ್ಕಿಕೊಂಡಿತ್ತು.

ಕೊಂದದ್ದು ಯಾರು

ಮುಂಗುಸಿ ಹಗಲಿನ ಪ್ರಾಣಿ. ಹೊತ್ತು ಮುಳುಗಿದ ಮೇಲೆ ಬಿಲ ಸೇರುತ್ತದೆ. ಚಿಲಕ ಹಾಕಿದ್ದ ಗೂಡಿನಲ್ಲಿ ರಾತ್ರಿ ನಡೆದ ಕೊಲೆಗೆ ಅದನ್ನು ಹೊಣೆ ಮಾಡುವ ಮೊದಲು ಇಷ್ಟನ್ನು ಕೇಳಿಕೊಳ್ಳಬೇಕಿತ್ತು. ಬೋನಿಗೆ ಬಿದ್ದದ್ದೇ ಸಾಕ್ಷಿ ಎಂದುಕೊಂಡದ್ದು ಇನ್ನೊಂದು ಎಡವಟ್ಟು. ಮೊಟ್ಟೆ ಇಟ್ಟ ಬೋನು, ಮೊಟ್ಟೆ ತಿನ್ನುವ ಪ್ರಾಣಿಯೊಂದು ಈ ದಾರಿಯಲ್ಲಿ ಓಡಾಡುತ್ತದೆ ಎಂಬುದನ್ನಷ್ಟೇ ಹೇಳುತ್ತದೆ.

ಗುರುತು ಓದುವುದು ಕಷ್ಟದ ವಿದ್ಯೆಯಲ್ಲ, ಆದರೆ ಸತ್ತ ಕೋಳಿಗಳನ್ನು ಹೂಳುವ ಮೊದಲೇ ಓದಬೇಕು. ಹಗಲಲ್ಲಿ, ಬಯಲಿನಲ್ಲಿ, ಕಿತ್ತ ಪುಕ್ಕ ಒಂದೇ ಕಡೆ ಸುತ್ತಲೂ ಬಿದ್ದಿದ್ದರೆ ಗಿಡುಗದ ಜಾತಿಯ ಹಕ್ಕಿಯ ಮೇಲೆ ಸಂಶಯ. ತಲೆ, ಕುತ್ತಿಗೆ ಮಾತ್ರ ತಿಂದು ದೇಹ ಬಿಟ್ಟಿದ್ದರೆ ಗೂಬೆ ಇರಬಹುದು. ಜಾಲರಿಗೆ ಒತ್ತಿಕೊಂಡು ಮಲಗಿದ್ದ ಕೋಳಿಯ ತಲೆಯೋ ಕಾಲೋ ಹೋಗಿದ್ದರೆ, ಹೊರಗಿನಿಂದ ಪಂಜ ಹಾಕಿ ಎಳೆಯುವ ಪ್ರಾಣಿ. ಇಡೀ ಕೋಳಿ ಕಾಣೆ, ನಾಲ್ಕೈದು ಪುಕ್ಕ ಮಾತ್ರ ಉಳಿದಿದೆ ಎಂದರೆ ನರಿಯಂಥದ್ದು ಹೊತ್ತೊಯ್ದಿರಬಹುದು. ಮರಿಗಳು ಒಂದೊಂದಾಗಿ ಮಾಯವಾಗುತ್ತಿದ್ದರೆ ಹೆಗ್ಗಣವನ್ನೋ ಹಾವನ್ನೋ ನೆನೆಯಬೇಕು. ಇವು ಯಾವುವೂ ಒಂಟಿಯಾಗಿ ಖಾತ್ರಿಯಲ್ಲ, ನಾಯಿ ಇವುಗಳಲ್ಲಿ ಯಾವುದನ್ನಾದರೂ ಮಾಡೀತು. ಹೊತ್ತು, ಒಳಬಂದ ದಾರಿ, ಗಾಯದ ಜಾಗ ಮೂರೂ ಒಂದಕ್ಕೊಂದು ಹೊಂದಬೇಕು. ಒಳದಾರಿಗೆ ಎದುರಾಗಿ, ಮೊಣಕಾಲೆತ್ತರದಲ್ಲಿ, ಚಲನೆಗೆ ಚಾಲೂ ಆಗುವ ಕ್ಯಾಮೆರಾ ಕಟ್ಟಿದರೆ ವಾದ ಮುಗಿಯುತ್ತದೆ. ಈ ಮನೆಯಲ್ಲಿ ಕಟ್ಟಿದ ಮೇಲೆ ಸಿಕ್ಕಿದ್ದು ನಡುರಾತ್ರಿ ಮಾಡಿನ ಅಂಚಿನಲ್ಲಿ ನಡೆದು ಬಂದ ಪುನುಗು ಬೆಕ್ಕು.

ಈ ಸುದ್ದಿಯನ್ನು ಅವರಿಗೆ ಹೇಳದೆ ಉಳಿಸಬಹುದಿತ್ತೆ? ಮನೆಯವರು ಹಾಗೇ ಬಯಸಿದ್ದರು. ಆದರೆ ತಪ್ಪು ಪ್ರಾಣಿ ಸತ್ತಿದೆ ಎಂದು ಒಪ್ಪದೆ ಗೂಡಿನ ಸಂದು ಮುಚ್ಚುವುದು ಹೇಗೆ? ಹೇಳಿದರು. ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಆದರೂ ನಮ್ಮ ದೃಷ್ಟಿಯಲ್ಲಿ ಅದು ಸರಿಯಾದ ನಿರ್ಧಾರವೇ. ಸುಳ್ಳಿನ ಮೇಲೆ ನಿಂತ ಸಮಾಧಾನ ಮುಂದಿನ ಕೋಳಿ ಸತ್ತ ದಿನ ಕುಸಿಯುತ್ತದೆ.

‘ಸುಮ್ಮನೆ ಕೊಂದಿತು’ ಎಂಬ ಸಿಟ್ಟಿಗೂ ಉತ್ತರ ಬೇಕಿತ್ತು. ತಿನ್ನುವುದಕ್ಕಿಂತ ಹೆಚ್ಚು ಕೊಲ್ಲುವ ಈ ನಡವಳಿಕೆಯನ್ನು ಪ್ರಾಣಿಶಾಸ್ತ್ರಜ್ಞ ಹಾನ್ಸ್ ಕ್ರೂಕ್ 1972ರಲ್ಲೇ ವಿವರಿಸಿದ್ದರು. ಬಿರುಗಾಳಿಯ ಕಗ್ಗತ್ತಲಲ್ಲಿ ನೆಲದ ಗೂಡಿನಲ್ಲಿದ್ದ ಕಡಲಹಕ್ಕಿಗಳನ್ನು ನರಿಗಳು ರಾಶಿ ರಾಶಿ ಕೊಂದು ಬಿಟ್ಟುಹೋದದ್ದು ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು. ಹೊಟ್ಟೆ ತುಂಬಿದರೆ ಹುಡುಕಾಟ ನಿಲ್ಲುತ್ತದೆ. ಕೈಗೆಟುಕುವಲ್ಲಿ ಓಡಲಾಗದ ಬೇಟೆ ಒದ್ದಾಡುತ್ತಿದ್ದರೆ ಕಚ್ಚುವ ಪ್ರಚೋದನೆ ಮಾತ್ರ ನಿಲ್ಲುವುದಿಲ್ಲ. ಕಾಡಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಹಾರಿಹೋಗಿರುತ್ತವೆ. ಮುಚ್ಚಿದ ಗೂಡಿನಲ್ಲಿ ಹಾರಲು ಜಾಗವಿಲ್ಲ, ಆ ಗೂಡು ಕಟ್ಟಿದ್ದು ನಾವು. ಇದನ್ನು ಕೇಳಿದ ಮೇಲೆ ಅವರ ದ್ವೇಷ ಇಳಿಯಿತು. ಪಾಪಪ್ರಜ್ಞೆ ಮಾತ್ರ ಒಂಟಿಯಾಗಿ ಉಳಿಯಿತು, ಅದರ ಜೊತೆ ಕೆಲಸ ಮಾಡುವುದು ಆಗ ಸುಲಭವಾಯಿತು.

ಸಮಾಧಾನದ ಮಾತು ಏಕೆ ತಾಗಲಿಲ್ಲ

ಅಕ್ಕಪಕ್ಕದವರು ಹೇಳಿದ್ದು ಮೂರು ಬಗೆ. ಪ್ರಕೃತಿಯೇ ಹೀಗೆ. ಎಲ್ಲರೂ ಮಾಡುತ್ತಾರೆ. ಕೋಳಿ ತಿನ್ನುವವರು ಮುಂಗುಸಿಗೆ ಅಳುವುದೇನು. ಮೂರೂ ಒಂದೇ ಕೆಲಸ ಮಾಡುತ್ತವೆ: ನಿನಗೆ ಅನಿಸುತ್ತಿರುವುದು ಅನಿಸಲೇಬಾರದು ಎನ್ನುತ್ತವೆ. ಆಗ ವ್ಯಕ್ತಿ ಬಾಯಿ ಮುಚ್ಚಿಕೊಳ್ಳುತ್ತಾರೆ, ನೋವು ಹಾಗೇ ಇರುತ್ತದೆ.

ಮನಶ್ಶಾಸ್ತ್ರಜ್ಞೆ ಹೆಲೆನ್ ಬ್ಲಾಕ್ ಲೂಯಿಸ್ 1971ರಲ್ಲಿ ಒಂದು ಗೆರೆ ಎಳೆದರು. ಪಾಪಪ್ರಜ್ಞೆ ಮಾಡಿದ ಕೆಲಸದ ಮೇಲಿರುತ್ತದೆ, ನಾಚಿಕೆ ಇಡೀ ವ್ಯಕ್ತಿತ್ವದ ಮೇಲೆ. ‘ಕೆಟ್ಟದ್ದು ಮಾಡಿದೆ’ ಎಂದವರು ಸರಿಪಡಿಸಲು ಹೊರಡುತ್ತಾರೆ, ‘ಕೆಟ್ಟವಳು ನಾನು’ ಎಂದವರು ಅಡಗಿಕೊಳ್ಳುತ್ತಾರೆ. ಗೂಡಿನ ಹತ್ತಿರ ಹೋಗದಿದ್ದದ್ದು, ಮಗಳ ಕಣ್ಣು ತಪ್ಪಿಸಿದ್ದು ಎರಡನೆಯದರ ಲಕ್ಷಣ. ಆದ್ದರಿಂದ ಆಪ್ತಸಮಾಲೋಚನೆಯಲ್ಲಿ ಮೊದಲು ಕೇಳಿದ್ದು, ‘ಯಾವ ಕೆಲಸಕ್ಕೆ ನೋವಾಗುತ್ತಿದೆ?’ ಎಂದು. ‘ಕೊಂದದ್ದಕ್ಕೆ’ ಎಂಬ ಮೊದಲ ಉತ್ತರ ಅರ್ಧ ಗಂಟೆಯಲ್ಲಿ ನಾಲ್ಕಾಗಿ ಒಡೆಯಿತು. ಒಂದು ಜೀವ ತೆಗೆದದ್ದು, ಅದು ತಪ್ಪು ಜೀವವಾಗಿದ್ದದ್ದು, ಸತ್ತ ರೀತಿ, ಮಗಳಿಗೆ ಹೇಳಿದ ಸುಳ್ಳು. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಒಂದೇ ಗಂಟಾಗಿ ಇಟ್ಟುಕೊಂಡಷ್ಟು ಕಾಲ ಯಾವುದಕ್ಕೂ ಮದ್ದಿಲ್ಲ.

ಅಚ್ಚರಿಯೆಂದರೆ, ಅತಿ ಹೆಚ್ಚು ಕಾಡುತ್ತಿದ್ದದ್ದು ಕೊಂದದ್ದಲ್ಲ, ಸದ್ದು. ನೀರಲ್ಲಿ ಮುಳುಗಿಸುವುದು ನೋವಿಲ್ಲದ ದಾರಿ ಎಂಬ ನಂಬಿಕೆ ಎಲ್ಲೆಡೆ ಇದೆ, ಅದು ತಪ್ಪು. ಅಮೆರಿಕದ ಪಶುವೈದ್ಯಕೀಯ ಸಂಘದ ದಯಾಮರಣ ಮಾರ್ಗಸೂಚಿ ಮುಳುಗಿಸುವುದನ್ನು ಅಮಾನವೀಯ ಎಂದೇ ಕರೆಯುತ್ತದೆ. ಪ್ರಾಣಿಗೆ ತಕ್ಷಣ ಎಚ್ಚರ ತಪ್ಪುವುದಿಲ್ಲ, ತಪ್ಪುವವರೆಗೂ ಉಸಿರಿಗಾಗಿ ಒದ್ದಾಡುತ್ತದೆ. ಅವರ ಮನಸ್ಸು ಸರಿಯಾದದ್ದನ್ನೇ ಗ್ರಹಿಸಿತ್ತು. ‘ಅಷ್ಟೇನೂ ಆಗಿರಲ್ಲ ಬಿಡಿ’ ಎನ್ನುವುದು ಇಲ್ಲಿ ಕೆಲಸಕ್ಕೆ ಬಾರದು, ಅದು ಸುಳ್ಳೆಂದು ಅವರಿಗೆ ಗೊತ್ತು.

ಹೊಣೆಯನ್ನು ಪಾಲು ಮಾಡುವುದು

ಕಾಗದದ ಮೇಲೆ ಮಾಡುವ ಈ ಅಭ್ಯಾಸ ಮನೋಚಿಕಿತ್ಸೆಯಲ್ಲಿ ಹಳೆಯದು. ಘಟನೆಗೆ ಕಾರಣವಾದದ್ದನ್ನೆಲ್ಲ ಬರೆಯಬೇಕು, ಪ್ರತಿಯೊಂದಕ್ಕೂ ನೂರರಲ್ಲಿ ಇಂತಿಷ್ಟು ಎಂದು ಕೊಡಬೇಕು, ತನ್ನ ಪಾಲನ್ನು ಕಟ್ಟಕಡೆಗೆ ಬರೆಯಬೇಕು. ಮೊದಲೇ ಬರೆದರೆ ತೊಂಬತ್ತು ಅಲ್ಲೇ ಖರ್ಚಾಗುತ್ತದೆ. ಇವರೂ ಮೊದಲ ಸಲ ಹಾಗೇ ಮಾಡಿದರು.

ಎರಡನೆಯ ಸಲ ಎರಡು ಹಾಳೆ ಕೊಡಲಾಯಿತು, ಕೋಳಿಗಳ ಸಾವಿಗೆ ಒಂದು, ಮುಂಗುಸಿಯ ಸಾವಿಗೆ ಇನ್ನೊಂದು. ಬೆರೆಸಿದರೆ ಲೆಕ್ಕ ಕೆಡುತ್ತದೆ. ಕೋಳಿಗಳ ಹಾಳೆಯಲ್ಲಿ ಮಾಡಿನ ಸಂದು, ಬಡಗಿ ಹೊಡೆದ ತೆಳು ಜಾಲರಿ, ರಾತ್ರಿಯೆಲ್ಲ ಒಳಗಿರುತ್ತಿದ್ದ ಮೇವಿನ ತಟ್ಟೆ, ಅದಕ್ಕೆ ಬರುತ್ತಿದ್ದ ಇಲಿ, ಇಲಿಯ ವಾಸನೆಗೆ ಬಂದ ಬೇಟೆಗಾರ ಪ್ರಾಣಿ, ಗೂಡು ಹೀಗೇ ಸಾಕು ಎಂದು ಗಂಡ ಹೆಂಡತಿ ಸೇರಿ ತೀರ್ಮಾನಿಸಿದ್ದು, ಎಲ್ಲ ಬಂತು. ಅವರ ಪಾಲು ಹದಿನೈದಕ್ಕೆ ಇಳಿಯಿತು. ಮುಂಗುಸಿಯ ಹಾಳೆಯಲ್ಲಿ ತಪ್ಪು ಸಲಹೆ, ಗಾಬರಿ, ತಿಳಿಯದಿರುವುದು, ಮೂರೂ ಸೇರಿ ನಲವತ್ತು. ಉಳಿದ ಅರವತ್ತು ಅವರದೇ.

ಆ ಅರವತ್ತನ್ನು ಯಾರೂ ಮುಟ್ಟಲಿಲ್ಲ. ಈ ಅಭ್ಯಾಸ ಕೈಕೊಡುವುದು ಸಾಮಾನ್ಯವಾಗಿ ಇಲ್ಲೇ. ಸಹಾಯಕ್ಕೆ ಕೂತವರು ಕರುಣೆಯಿಂದ ಅದನ್ನು ಸೊನ್ನೆಗೆ ತಳ್ಳಲು ನೋಡುತ್ತಾರೆ. ಸೊನ್ನೆಯನ್ನು ಯಾರೂ ನಂಬುವುದಿಲ್ಲ, ಮನೆಗೆ ಹೋಗಿ ಮತ್ತೆ ತೊಂಬತ್ತು ಬರೆಯುತ್ತಾರೆ. ನಂಬಬಹುದಾದ ಅರವತ್ತರ ಜೊತೆ ಬದುಕಲು ಬರುತ್ತದೆ.

ಜೊತೆಗೆ ಬರವಣಿಗೆ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರ ತಮ್ಮ ಪ್ರಯೋಗದಲ್ಲಿ ಬಳಸಿದ ಅಳತೆಯೇ ಇಲ್ಲೂ ಸಾಕು: ಹದಿನೈದು ನಿಮಿಷ, ಸತತ ನಾಲ್ಕು ದಿನ, ನಡೆದದ್ದು ಮತ್ತು ಅನಿಸಿದ್ದು ಎರಡೂ. ಮಲಗುವ ಮುಂಚೆ ಬೇಡ. ಹದಿನೈದು ನಿಮಿಷ ಮುಗಿದರೆ ಹಾಳೆ ಮಡಚಿಡಬೇಕು, ಗಂಟೆಗಟ್ಟಲೆ ಬರೆದರೆ ಅದು ಕೊರಗಾಗುತ್ತದೆ.

ಡ್ರಮ್ಮನ್ನು ಮೊದಲ ವಾರವೇ ಎಸೆಯಲು ಮನೆಯವರು ಹೊರಟಿದ್ದರು, ತಡೆಯಲಾಯಿತು. ತಪ್ಪಿಸಿಕೊಂಡಷ್ಟೂ ಹೆದರಿಕೆ ಬಲಿಯುತ್ತದೆ. ಮೊದಲು ದೂರದಿಂದ ನೋಡುತ್ತ ನಿಲ್ಲುವುದು, ಹೆದರಿಕೆ ಅರ್ಧಕ್ಕೆ ಇಳಿಯುವವರೆಗೆ. ಆಮೇಲೆ ಮುಟ್ಟುವುದು, ಆಮೇಲೆ ಕಾಲು ಭಾಗ ನೀರು ತುಂಬುವುದು. ಎರಡು ವಾರದಲ್ಲಿ ಅದು ಮತ್ತೆ ಬರೀ ಡ್ರಮ್ಮಾಯಿತು. ದೃಶ್ಯ, ಸದ್ದು ತಾವಾಗಿ ನುಗ್ಗಿಬರುವುದು ಒಂದು ತಿಂಗಳು ದಾಟಿದರೆ, ನಿದ್ದೆ ಊಟ ಎರಡು ವಾರ ಕೆಟ್ಟೇ ಇದ್ದರೆ, ಬದುಕೇ ಬೇಡ ಎನಿಸಿದರೆ ಇಂಥ ಮನೆಮದ್ದಿಗೆ ಕಾಯದೆ ಮನೋವೈದ್ಯರ ಬಳಿ ಹೋಗಬೇಕು. ಕಾರಣ ‘ಒಂದು ಮುಂಗುಸಿ’ ಎಂದು ಹೇಳಲು ಸಂಕೋಚಪಡುವವರೇ ಹೆಚ್ಚು. ವೈದ್ಯರು ಕಾರಣದ ಗಾತ್ರ ಅಳೆಯುವುದಿಲ್ಲ.

ಮಗಳ ವಿಷಯ ಬೇಗ ಮುಗಿಯಿತು, ಎಲ್ಲರೂ ಹೆದರಿದ್ದಕ್ಕಿಂತ ಬೇಗ. ‘ಪುಟ್ಟಿ, ಕಾಡಿಗೆ ಬಿಟ್ಟೆ ಅಂದಿದ್ದು ಸುಳ್ಳು. ನಾನೇ ಸಾಯಿಸಿದೆ. ಹಾಗೆ ಮಾಡಬಾರದಿತ್ತು.’

‘ಅದಕ್ಕೆ ಮರಿ ಇತ್ತಾ ಅಮ್ಮ?’

‘ಗೊತ್ತಿಲ್ಲ ಕಣೆ.’

ಆ ‘ಗೊತ್ತಿಲ್ಲ’ವನ್ನು ‘ಇರಲಿಲ್ಲ’ ಎಂದು ತಿದ್ದಬಾರದು ಎಂಬುದಷ್ಟೇ ಮುಂಚಿತವಾಗಿ ಕೊಟ್ಟಿದ್ದ ಸಲಹೆ.

ಗೂಡು

ಪಶ್ಚಾತ್ತಾಪಕ್ಕೆ ಕೈಕೆಲಸ ಕೊಡದಿದ್ದರೆ ಅದು ತಲೆಯಲ್ಲೇ ತಿರುಗುತ್ತಿರುತ್ತದೆ. ಗೂಡಿನ ದುರಸ್ತಿಯನ್ನು ಅವರೇ ಮಾಡಬೇಕು, ಬಡಗಿಗೆ ಬಿಡಬಾರದು ಎಂದದ್ದು ಆ ಕಾರಣಕ್ಕೆ.

ಕೋಳಿ ಜಾಲರಿ ಕೋಳಿ ಹೊರಹೋಗದಂತೆ ತಡೆಯುತ್ತದೆ, ಹಲ್ಲಿರುವ ಪ್ರಾಣಿ ಒಳಬರುವುದನ್ನು ತಡೆಯುವುದಿಲ್ಲ. ಬದಲಿಗೆ 12 ಮಿಲಿಮೀಟರ್ ಕಣ್ಣಿನ, ಸುಮಾರು 1 ಮಿಲಿಮೀಟರ್ ದಪ್ಪ ತಂತಿಯ ವೆಲ್ಡ್ ಮೆಶ್ ಹಾಕಿದರು. ಸ್ಟೇಪಲ್ ಪಿನ್ನು ಎಳೆತಕ್ಕೆ ಕಿತ್ತುಬರುತ್ತದೆ. ಪ್ರತಿ 10 ಸೆಂಟಿಮೀಟರಿಗೊಂದು ಸ್ಕ್ರೂ, ಅದಕ್ಕೆ ಅಗಲ ವಾಷರ್, ಅಂಚಿನ ಮೇಲೆ ಮರದ ಪಟ್ಟಿ. ಮಾಡಿನ ಸಂದನ್ನು ಹಲಗೆಯಿಂದ ಮುಚ್ಚಲು ಹೊರಟಿದ್ದರು. ದಾಳಿಯಾದ ಮೇಲೆ ಎಲ್ಲರೂ ಮಾಡುವ ತಪ್ಪು ಅದು. ಗಾಳಿ ನಿಂತರೆ ಹಿಕ್ಕೆಯ ಅಮೋನಿಯಾ, ತೇವ ಒಳಗೇ ಉಳಿದು ಕೋಳಿಗಳಿಗೆ ಉಸಿರಾಟದ ರೋಗ ಹಿಡಿಯುತ್ತದೆ. ಅಲ್ಲಿಗೂ ಜಾಲರಿಯನ್ನೇ ಹೊಡೆಯಬೇಕು.

ನೆಲದಲ್ಲಿ ಗೋಡೆಯ ಬುಡದಿಂದ ಹೊರಕ್ಕೆ 50 ಸೆಂಟಿಮೀಟರ್ ಅಗಲದ ಜಾಲರಿಯನ್ನು ಮಟ್ಟಸವಾಗಿ ಹಾಸಿ, ಗೂಟ ಹೊಡೆದು, ಮೇಲೆ ಮಣ್ಣು ಎಳೆದರು. ತೋಡುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ತೋಡುತ್ತದೆ, ಕಾಲಿಗೆ ತಂತಿ ಸಿಗುತ್ತದೆ, ಅರ್ಧ ಮೀಟರ್ ಹಿಂದೆ ಸರಿದು ಶುರುಮಾಡಬೇಕು ಎಂದು ಅದಕ್ಕೆ ಹೊಳೆಯುವುದು ಅಪರೂಪ. ಹುಲ್ಲು ಬೆಳೆದ ಮೇಲೆ ಜಾಲರಿ ನೆಲದೊಂದಿಗೆ ಹೆಣೆದುಕೊಳ್ಳುತ್ತದೆ. ಬಾಗಿಲಿಗೆ ಎರಡು ಬೇರೆ ಚಲನೆ ಬೇಕಾಗುವ ಬೀಗ: ಅಗಳಿ, ಅದರ ತೂತಿಗೆ ಸ್ಪ್ರಿಂಗ್ ಕ್ಲಿಪ್ಪು. ತಾನಾಗಿ ಮುಚ್ಚುವ ಬಾಗಿಲು ಬೇಕೆ ಎಂಬ ಚರ್ಚೆ ನಡೆಯಿತು. ಒಳ್ಳೆಯದೇ, ಆದರೆ ತಡವಾಗಿ ಬಂದ ಕೋಳಿ ಹೊರಗೇ ಉಳಿಯುತ್ತದೆ. ಎಣಿಕೆ ಮಾತ್ರ ಯಂತ್ರಕ್ಕೆ ಬಿಡುವಂತಿಲ್ಲ. ಗಡಿಯಾರದ ಮೇಲೆ ನಡೆಯುವ ಬಗೆಯಾದರೆ ಋತು ಬದಲಾದಂತೆ ಹೊತ್ತು ತಿದ್ದಬೇಕು.

ಮೇವು, ಮೊಟ್ಟೆ ಸಂಜೆಯೇ ಹೊರಕ್ಕೆ. ಇಲಿ ಕಡಿಮೆಯಾದರೆ ಇಲಿಯ ಹಿಂದೆ ಬರುವವೂ ಕಡಿಮೆಯಾಗುತ್ತವೆ. ಯಾರೋ ತಂತಿಗೆ ಕರೆಂಟು ಕೊಡಿ ಎಂದರು. ಬೇಲಿಗೆಂದೇ ಮಾಡಿದ, ಕ್ಷಣಕ್ಷಣ ಮಾತ್ರ ಮಿಡಿಯುವ ಯಂತ್ರವಿದ್ದರೆ ಸರಿ. ಮನೆಯ ಕರೆಂಟನ್ನು ನೇರವಾಗಿ ಎಳೆದರೆ ಮೊದಲು ಸಾಯುವುದು ಮನುಷ್ಯರು.

ಕೊನೆಗೆ ಪರೀಕ್ಷೆ. ರಾತ್ರಿ ಗೂಡಿನೊಳಗೆ ಪ್ರಖರ ಟಾರ್ಚ್ ಇಟ್ಟು ಹೊರಗಿನಿಂದ ಸುತ್ತು ಬಂದರು. ಜಾಲರಿಯಿಲ್ಲದ ಕಡೆ ಬೆಳಕು ಬಂದರೆ ಅಲ್ಲಿ 12 ಮಿಲಿಮೀಟರ್ ದಪ್ಪದ ಕಡ್ಡಿ ತೂರಿಸಿ ನೋಡುವುದು, ತೂರಿದರೆ ಮುಚ್ಚುವುದು. ಮೂರು ಜಾಗ ಸಿಕ್ಕವು, ಒಂದು ಬಾಗಿಲಿನ ಕೀಲಿನ ಹಿಂದೆಯೇ.

ಗಾಯಗೊಂಡ ಹೇಂಟೆಯನ್ನು ಉಪ್ಪುನೀರಿನಿಂದ ತೊಳೆದು, ರಕ್ತ ಕಂಡರೆ ಉಳಿದವು ಕುಕ್ಕುತ್ತವೆಂದು ಬೇರೆ ಇಟ್ಟಿದ್ದರು. ಅದು ಬದುಕಿತು. ಉಳಿದವು ಕೆಲವು ವಾರ ಮೊಟ್ಟೆ ನಿಲ್ಲಿಸಿದವು. ಹೆದರಿದ ಕೋಳಿಗೆ ಇದು ಸಹಜ, ‘ಶಾಪ’ ಎಂದು ಓದಿಕೊಳ್ಳಬಾರದು.

ಮುಂದಿನ ಸಲಕ್ಕೆ ಈಗಲೇ ಬರೆದದ್ದು

ಗಾಬರಿಯಲ್ಲಿ ತೆಗೆದುಕೊಂಡ ತೀರ್ಮಾನ ಆಮೇಲೆ ಕಾಡುತ್ತದೆ, ಹಾಗಾಗಿ ತಣ್ಣಗಿರುವಾಗಲೇ ನಿಯಮ ಬರೆದಿಡಬೇಕು. ವನ್ಯಜೀವಿ ನಿಯಂತ್ರಣದ ನೀತಿಯ ಬಗ್ಗೆ ಹಲವು ದೇಶಗಳ ತಜ್ಞರು ಸೇರಿ 2017ರಲ್ಲಿ ಪ್ರಕಟಿಸಿದ ಏಳು ತತ್ವಗಳು ಇದಕ್ಕೆ ಒಳ್ಳೆಯ ಆಧಾರ. ಮೊದಲನೆಯದೇ, ಪ್ರಾಣಿಯ ಮೇಲೆ ಕೈ ಮಾಡುವ ಮುನ್ನ ಮನುಷ್ಯರ ರೂಢಿಯನ್ನು ಬದಲಿಸಿ ಎಂಬುದು. ಕೊನೆಯದು, ಹಣೆಪಟ್ಟಿ ನೋಡಿ ತೀರ್ಮಾನಿಸಬೇಡಿ, ಆ ಸಂದರ್ಭದ ವಿವರ ನೋಡಿ ಎಂಬುದು. ಮುಂಗುಸಿಯೇ ಇದಕ್ಕೆ ಸಾಕ್ಷಿ. ಇಲಿ ಕೊಲ್ಲಲೆಂದು 1872ರಲ್ಲಿ ಜಮೈಕಾಕ್ಕೂ 1883ರಲ್ಲಿ ಹವಾಯಿಗೂ ಉಪಕಾರಿಯೆಂದು ಕರೆದೊಯ್ದ ಪ್ರಾಣಿ ಇಂದು ಅಲ್ಲಿ ಪೀಡೆ. ಬೇರೆ ಕಡೆ ಅದಕ್ಕೆ ಕಾನೂನಿನ ರಕ್ಷಣೆ ಇದೆ, ಕೊಂದರೆ ಅಪರಾಧ. ಬೋನು ಇಡುವ ಮೊದಲೇ ವನ್ಯಜೀವಿ ಇಲಾಖೆಯನ್ನು ಕೇಳಬೇಕಾದದ್ದು ಇದಕ್ಕೇ.

ಅವರ ಹಾಳೆಯಲ್ಲಿ ಬಂದದ್ದು ಇಷ್ಟು: ಮೊದಲು ಸಂದು ಹುಡುಕುವುದು, ಕ್ಯಾಮೆರಾ ಕಟ್ಟುವುದು. ಪ್ರಾಣಿ ಯಾವುದೆಂದು ತಿಳಿಯದೆ ಬೋನಿಲ್ಲ. ವಿಷ ಯಾವ ಕಾರಣಕ್ಕೂ ಇಲ್ಲ, ಅದು ಸಾಕುನಾಯಿಗೂ, ಸತ್ತ ಇಲಿ ತಿಂದ ಗೂಬೆಗೂ ಹೋಗುತ್ತದೆ. ದೂರ ಬಿಟ್ಟು ಬರುವುದೂ ಇಲ್ಲ. ಇದಕ್ಕೆ ಎಲ್ಲರೂ ಹುಬ್ಬೇರಿಸುತ್ತಾರೆ, ಆದರೆ ಪರಿಚಯವಿಲ್ಲದ ಜಾಗಕ್ಕೆ ಬಿಟ್ಟ ಪ್ರಾಣಿ ಆಹಾರ, ಅಡಗುದಾಣ ತಿಳಿಯದೆ, ಅಲ್ಲಿನ ಪ್ರಾಣಿಗಳೊಂದಿಗೆ ಕಾದಾಡಿ ಸಾಯುವುದು ಹೆಚ್ಚು. ಮರಿಗಳಿದ್ದರೆ ಅವೂ ಹಸಿವಿನಿಂದ ಸಾಯುತ್ತವೆ, ರೋಗವೂ ಜೊತೆಗೆ ಹೋಗುತ್ತದೆ. ಕಣ್ಣಿಗೆ ಕಾಣದ ಸಾವು ಅಷ್ಟೇ. ಕೊಲ್ಲಲೇಬೇಕಾದ ಸಂದರ್ಭ ಬಂದರೆ ಅನುಮತಿ ಪಡೆದು, ಬಲ್ಲವರ ಕೈಯಿಂದ, ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುವ ವಿಧಾನದಿಂದ. ಇನ್ನೊಂದು ಸಾಲನ್ನು ಗಂಡ ಸೇರಿಸಿದರು: ಒಂದನ್ನು ತೆಗೆದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಗೂಡು ಸರಿಯಾಗದೆ ಕೊಲ್ಲಲು ಹೊರಟರೆ ಪ್ರತಿ ವರ್ಷವೂ ಕೊಲ್ಲುತ್ತಿರಬೇಕು.

ಮೂರು ತಿಂಗಳ ನಂತರ

ಕ್ಯಾಮೆರಾದಲ್ಲಿ ಪುನುಗು ಬೆಕ್ಕು ಮತ್ತೆ ಬಂದದ್ದು, ಮಾಡಿನ ಜಾಲರಿಯನ್ನು ಮೂಸಿ ಹೋದದ್ದು ಕಾಣುತ್ತದೆ. ಕೋಳಿ ಹೋಗಿಲ್ಲ. ಗೂಡು ಮುಚ್ಚುವ ಕೆಲಸ ಮತ್ತೆ ಅವರ ಕೈಗೆ ಬಂದಿದೆ. ನಿದ್ದೆ ಸರಿಯಾಗಿದೆ. ಮುಂಗುಸಿಯ ಮರಿಗಳ ಪ್ರಶ್ನೆ ಹೋಗಿಲ್ಲ, ಆಗೊಮ್ಮೆ ಈಗೊಮ್ಮೆ ಬರುತ್ತದೆ. ಅದನ್ನು ಅಳಿಸಲು ಯಾರೂ ಪ್ರಯತ್ನಿಸಲಿಲ್ಲ. ಉತ್ತರವಿಲ್ಲದ ಪ್ರಶ್ನೆಗೆ ಉತ್ತರ ಕೊಡಲು ಹೊರಟರೆ ಸುಳ್ಳಿಗೆ ಮರಳಬೇಕಾಗುತ್ತದೆ.

ಬೋನಿಗೆ ಬಿದ್ದದ್ದು ಪುನುಗು ಬೆಕ್ಕೇ ಆಗಿದ್ದರೆ, ಅನುಮತಿಯೂ ಇದ್ದು ಒಂದೇ ಕ್ಷಣದಲ್ಲಿ ಮುಗಿದಿದ್ದರೆ? ನಾಲ್ಕು ನೋವುಗಳಲ್ಲಿ ಎರಡು ಇರುತ್ತಿರಲಿಲ್ಲ, ಸುಳ್ಳಿಗೆ ಬಹುಶಃ ಕಾರಣವೇ ಇರುತ್ತಿರಲಿಲ್ಲ. ಜೀವ ತೆಗೆದ ಭಾರ ಮಾತ್ರ ಉಳಿಯುತ್ತಿತ್ತು, ಬಹುತೇಕರು ಅದನ್ನು ಹೊರಬಲ್ಲರು. ಆದರೆ ಆಗಲೂ ಮಾಡಿನ ಸಂದು ತೆರೆದೇ ಇರುತ್ತಿತ್ತು. ಆದ್ದರಿಂದ ಇಂಥ ಮನೆಗೆ ಹೋದಾಗ ಮೊದಲ ದಿನವೇ ಮಾತಿನ ಜೊತೆಗೆ ಏಣಿ, ಟಾರ್ಚ್, 12 ಮಿಲಿಮೀಟರಿನ ಕಡ್ಡಿಯನ್ನೂ ತೆಗೆದುಕೊಂಡು ಹೋಗುವುದು ಒಳ್ಳೆಯದು.